ಡ್ರೈವರ್‌ನ ಮೊದಲ ಕ್ಷಣಗಳಿಗೂ ಪರೀಕ್ಷೆ ಬೇಕು

ಮಾನ್ಯ ಸಂಪಾದಕರೇ,

ಯಾಂತ್ರೀಕರಣದ ಚರ್ಚೆಗಳಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಒಂದು ಸಂಗತಿಯೆಂದರೆ, ನಿಯಂತ್ರಣ ಕಂಪ್ಯೂಟರ್ ಮರುಚಾಲನೆಗೊಂಡಾಗ, ಉಪಕರಣಗಳೊಡನೆ ವ್ಯವಹರಿಸುವ ತಂತ್ರಾಂಶಗಳಾದ ಡಿವೈಸ್ ಡ್ರೈವರ್‌ಗಳಲ್ಲಿ ಮೊದಲು ಓಡುವ ಆರಂಭಿಕ ಕೋಡ್.

ಹಲವು ಕಣ ವೇಗವರ್ಧಕಗಳಲ್ಲಿಯೂ, ಭಾರತವೂ ಪಾಲುದಾರನಾಗಿರುವ ಫ್ರಾನ್ಸಿನ ಈಟರ್ ಪರಮಾಣು ಸಮ್ಮಿಳನ ಯೋಜನೆಯಲ್ಲಿಯೂ ಬಳಕೆಯಲ್ಲಿರುವ ಎಪಿಕ್ಸ್ ಎಂಬ ನಿಯಂತ್ರಣ ತಂತ್ರಾಂಶವು ಈ ಹಂತಕ್ಕೆ ಕಟ್ಟುನಿಟ್ಟಾದ ಕ್ರಮವನ್ನು ವಿಧಿಸಿದೆ: ಮೊದಲು ಡ್ರೈವರ್‌ಗಳು ಸಿದ್ಧವಾಗುತ್ತವೆ, ಬಳಿಕ ಡ್ರೈವರ್ ಮತ್ತು ರೆಕಾರ್ಡ್‌ಗಳ (ಒಂದೊಂದು ಅಳತೆ ಅಥವಾ ಆದೇಶದ ಮೌಲ್ಯವನ್ನಿಡುವ ದಾಖಲೆಗಳ) ನಡುವಿನ ಕೊಂಡಿಯಾದ ಡಿವೈಸ್ ಸಪೋರ್ಟ್‌ನ ಆರಂಭಿಕ ಕೋಡನ್ನು ರೆಕಾರ್ಡ್‌ಗಳು ಅಣಿಯಾಗುವ ಮುನ್ನ ಒಮ್ಮೆ, ಅಣಿಯಾದ ಮೇಲೆ ಮತ್ತೊಮ್ಮೆ ಕರೆಯಲಾಗುತ್ತದೆ, ಇವೆಲ್ಲ ಮುಗಿದ ನಂತರವೇ ನಿಯತ ಸ್ಕ್ಯಾನ್, ಅಂದರೆ ರೆಕಾರ್ಡ್‌ಗಳನ್ನು ಕಾಲಕಾಲಕ್ಕೆ ಸಂಸ್ಕರಿಸುವ ಕೆಲಸ, ಆರಂಭವಾಗುತ್ತದೆ.

ಆದರೆ ಕ್ರಮವೊಂದೇ ಸಾಲದು. ಕಂಪ್ಯೂಟರ್ ನಿಂತರೂ ಅದು ನಿಯಂತ್ರಿಸುವ ಉಪಕರಣ ನಿಂತಿರಬೇಕೆಂದಿಲ್ಲ. ನಾನು ಹಿಂದೆ ದುಡಿದ ಘಟಕವೊಂದರಲ್ಲಿ ಡ್ರೈವರ್ ಶುರುವಾದೊಡನೆ ಎಲ್ಲ ಔಟ್‌ಪುಟ್‌ಗಳಿಗೂ ಸೊನ್ನೆ ಬರೆಯುತ್ತಿತ್ತು. ಹೀಗಾಗಿ, ಚೆನ್ನಾಗಿಯೇ ನಡೆಯುತ್ತಿದ್ದ ತಂಪುನೀರಿನ ಕವಾಟವು ಪ್ರತಿ ಮರುಚಾಲನೆಯಲ್ಲೂ ಮುಚ್ಚಿಕೊಳ್ಳುತ್ತಿತ್ತು. (ದೋಷವನ್ನು ತಿಂಗಳುಗಟ್ಟಲೆ ಕವಾಟದಲ್ಲೇ ಹುಡುಕಿದೆವೆಂಬುದು ಬೇರೆ ಮಾತು.) ಉಪಕರಣದ ಈಗಿನ ಸ್ಥಿತಿಯನ್ನು ಮೊದಲು ಓದಿ, ಅದನ್ನೇ ರೆಕಾರ್ಡಿನ ಆರಂಭಿಕ ಮೌಲ್ಯವಾಗಿ ಸ್ವೀಕರಿಸುವ ಅವಕಾಶ ಎಪಿಕ್ಸ್‌ನಲ್ಲಿದೆ, ನನ್ನ ಅಭಿಪ್ರಾಯದಲ್ಲಿ ಬಹುಪಾಲು ಸಂದರ್ಭಗಳಲ್ಲಿ ಅದೇ ಸರಿಯಾದ ದಾರಿ. ಇನ್ನು, ಸ್ವಿಚ್ ಆಫ್ ಮಾಡಿಟ್ಟ ಉಪಕರಣದ ಉತ್ತರಕ್ಕಾಗಿ ಕಾಲಮಿತಿಯಿಲ್ಲದೆ ಕಾಯುವ ಒಂದೇ ಒಂದು ಡ್ರೈವರ್, ಇಡೀ ವ್ಯವಸ್ಥೆಯ ಆರಂಭವನ್ನೇ ತಡೆದು ನಿಲ್ಲಿಸಬಲ್ಲದು.

ಆದ್ದರಿಂದ ಇಂಥ ವ್ಯವಸ್ಥೆಗಳನ್ನು ಖರೀದಿಸುವ ನಮ್ಮ ಸಾರ್ವಜನಿಕ ಸಂಸ್ಥೆಗಳು, ಉಪಕರಣಗಳು ಚಾಲನೆಯಲ್ಲಿರುವಾಗ ಹಾಗೂ ಕೆಲವು ಆಫ್ ಆಗಿರುವಾಗ ನಡೆಸುವ ಮರುಚಾಲನೆಯ ಪರೀಕ್ಷೆಯನ್ನು ಟೆಂಡರ್ ಷರತ್ತುಗಳಲ್ಲಿಯೇ ಸೇರಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿಯಂತ್ರಣ ಎಂಜಿನಿಯರ್, ಮೈಸೂರು