ಧ್ರುವ ನಕ್ಷತ್ರ ಕಾಣದ ವೀಕ್ಷಣಾಲಯ: ಛಾವಣಿ, ಕಂಬ, ಪಾಯದ ದೋಷಗಳ ಬಗ್ಗೆ ದೂರು

ಚಿತ್ರದುರ್ಗ
12-09-2025

ಇವರಿಗೆ,
ವ್ಯವಸ್ಥಾಪಕರು,
ನನ್ನ ಹಿತ್ತಲಿನಲ್ಲಿ ವೀಕ್ಷಣಾಲಯ ಕಟ್ಟಿಕೊಟ್ಟ ಸಂಸ್ಥೆ,
ಬೆಂಗಳೂರು

ವಿಷಯ: ಸರಿಯುವ ಛಾವಣಿಯ ವೀಕ್ಷಣಾಲಯದ ನಿರ್ಮಾಣದಲ್ಲಿ ಆಗಿರುವ ಲೋಪಗಳನ್ನು ನಿಮ್ಮ ಖರ್ಚಿನಲ್ಲೇ ಸರಿಪಡಿಸಿಕೊಡುವ ಬಗ್ಗೆ.

ಉಲ್ಲೇಖ: 1) ದಿನಾಂಕ 21-10-2024ರ ನಮ್ಮ ಒಪ್ಪಂದ. 2) ಮಾರ್ಚ್, ಮೇ ಮತ್ತು ಜುಲೈ ತಿಂಗಳಲ್ಲಿ ನಾನು ಕಳಿಸಿದ, ಉತ್ತರ ಬಾರದ ಮೂರು ಇಮೇಲ್‌ಗಳು.

ಮಾನ್ಯರೇ,

ಕಳೆದ ಭಾನುವಾರ, ಸೆಪ್ಟೆಂಬರ್ 7ರಂದು, ಖಗ್ರಾಸ ಚಂದ್ರಗ್ರಹಣವಿತ್ತು. ನಮ್ಮ ಬೀದಿಯ ಏಳೆಂಟು ಮಕ್ಕಳು ಊಟ ಮುಗಿಸಿ ಒಂಬತ್ತೂವರೆಗೇ ಹಿತ್ತಲಿಗೆ ಬಂದು ಕೂತಿದ್ದರು. ನೀವು ಕಟ್ಟಿಕೊಟ್ಟ ಛಾವಣಿಯನ್ನು ನಾನು, ನನ್ನ ಅಳಿಯ, ಪಕ್ಕದ ಮನೆಯ ಇಬ್ಬರು ಹುಡುಗರು ಸೇರಿ ತಳ್ಳಿದೆವು. ಒಂದೂವರೆ ಅಡಿ ಸರಿದು ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹನ್ನೊಂದು ಗಂಟೆಗೆ ಚಂದ್ರ ಪೂರ್ತಿ ತಾಮ್ರದ ಬಣ್ಣಕ್ಕೆ ತಿರುಗಿದಾಗ ನಾವೆಲ್ಲ ಅಂಗಳದಲ್ಲಿ ನಿಂತು, ನನ್ನ ಹಳೆಯ ಬೈನಾಕ್ಯುಲರನ್ನು ಕೈಯಿಂದ ಕೈಗೆ ದಾಟಿಸುತ್ತಾ ನೋಡಿದೆವು. ದೂರದರ್ಶಕ ಒಳಗೇ ಕತ್ತಲಲ್ಲಿ ಉಳಿಯಿತು. "ಇಷ್ಟಕ್ಕೆ ಮೂರೂವರೆ ಲಕ್ಷ ಬೇಕಿತ್ತಾ?" ಎಂದು ನನ್ನ ಹೆಂಡತಿ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನೇ ಈ ಪತ್ರದಲ್ಲಿ ನಿಮಗೆ ದಾಟಿಸುತ್ತಿದ್ದೇನೆ.

ಮೊದಲು ನನ್ನ ವಿಚಾರ ನಾಲ್ಕು ಮಾತು. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತ ಹೇಳಿಕೊಟ್ಟು ನಿವೃತ್ತನಾದವನು. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣವನ್ನು ಅಂಕೋಲಾದ ಕಡಲ ತೀರದಲ್ಲಿ ನಿಂತು ಕಂಡ ದಿನದಿಂದ ಈ ಹುಚ್ಚು ಹತ್ತಿದೆ. ನನ್ನ 8 ಇಂಚಿನ ದೂರದರ್ಶಕದ ಕನ್ನಡಿ ಅಂಗಡಿಯಲ್ಲಿ ಕೊಂಡದ್ದಲ್ಲ. ಕಾರ್ಬೊರಂಡಂ ಪುಡಿ ಹಾಕಿ ನಾಲ್ಕು ತಿಂಗಳು ಕೈಯಾರೆ ಉಜ್ಜಿದ್ದು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ನಿಮ್ಮ ಎಂಜಿನಿಯರ್ ಫೋನಿನಲ್ಲಿ ನನ್ನ ಜೊತೆ ಮಾತಾಡುವ ಧಾಟಿ ಆಟಿಕೆ ಕೊಂಡವನ ಜೊತೆ ಮಾತಾಡುವ ಧಾಟಿ. ಕೆಲಸದ ವಿಷಯ ಮಾತಾಡೋಣ.

ದೊಡ್ಡ ತಪ್ಪು ಛಾವಣಿ ಸರಿಯುವ ದಿಕ್ಕಿನದು. ಅದು ಉತ್ತರಕ್ಕೆ ಸರಿಯುತ್ತದೆ. ಪಶ್ಚಿಮಕ್ಕೆ ಸರಿಯಲಿ ಎಂದು ನಾನು ಒಪ್ಪಂದದ ದಿನವೇ ಹೇಳಿದ್ದೆ. ಆ ಕಡೆ ಪಕ್ಕದವರ ತೆಂಗಿನ ಸಾಲು, ಅದರ ಹಿಂದೆ ಪೇಟೆಯ ದೀಪಗಳು. ಆ ದಿಕ್ಕಿನ ಆಕಾಶ ಹೇಗಿದ್ದರೂ ನನ್ನ ಪಾಲಿಗಿಲ್ಲ. ಅಕ್ಟೋಬರ್ 24ರಂದು ಕೈಯಲ್ಲಿ ಗೆರೆ ಎಳೆದು, ಬಾಣದ ಗುರುತು ಹಾಕಿ ವಾಟ್ಸಾಪ್‌ನಲ್ಲೂ ಕಳಿಸಿದ್ದೆ. ಎರಡು ನೀಲಿ ಗೆರೆ ಬಿದ್ದಿವೆ, ಹೆಬ್ಬೆರಳೂ ಬಂದಿದೆ. ಆದರೂ ಜನವರಿಯಲ್ಲಿ ನಾನು ಮಗಳ ಬಾಣಂತನಕ್ಕೆಂದು ದಾವಣಗೆರೆಗೆ ಹೋಗಿ ಹದಿನೆಂಟು ದಿನ ಬಿಟ್ಟು ಬರುವಷ್ಟರಲ್ಲಿ ಹಳಿಗಳು ಉತ್ತರಕ್ಕೆ ಚಾಚಿಕೊಂಡು ನಿಂತಿದ್ದವು.

ಕೇಳಿದ್ದಕ್ಕೆ ನಿಮ್ಮವರು ಕೊಟ್ಟ ಉತ್ತರ: "ಸಾರ್, ಇದು ಅಮೆರಿಕದಲ್ಲಿ ಪ್ರೂವ್ ಆಗಿರೋ ಡಿಸೈನ್."

ಇರಬಹುದು. ಅಲ್ಲಿಗೆ ಅದು ಸರಿಯೂ ಹೌದು. ಒಂದು ಊರಿನ ಅಕ್ಷಾಂಶ ಎಷ್ಟೋ, ಆ ಊರಿನ ಉತ್ತರ ದಿಗಂತದಿಂದ ಧ್ರುವ ನಕ್ಷತ್ರ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲಿರುತ್ತದೆ. ನ್ಯೂಯಾರ್ಕಿನವರಿಗೆ ಅದು ಸುಮಾರು 41 ಡಿಗ್ರಿ. ಛಾವಣಿ ಉತ್ತರಕ್ಕೆ ಸರಿದು ನಿಂತರೂ ಅದರ ನೆತ್ತಿಯ ಮೇಲೆ ಧ್ರುವ ಆರಾಮವಾಗಿ ಕಾಣುತ್ತದೆ. ಚಿತ್ರದುರ್ಗ ಇರುವುದು 14 ಡಿಗ್ರಿಯ ಆಸುಪಾಸಿನಲ್ಲಿ. ನಿಮ್ಮ ಕಟ್ಟಡದಲ್ಲಿ ನಾನೇ ಟೇಪು ಹಿಡಿದು ಅಳೆದಿದ್ದೇನೆ. ದೂರದರ್ಶಕದ ಅಕ್ಷ ನೆಲದಿಂದ 5 ಅಡಿ ಎತ್ತರದಲ್ಲಿದೆ. ಅಲ್ಲಿಂದ ಉತ್ತರದ ಗೋಡೆಗೆ 5 ಅಡಿ. ಗೋಡೆಯಾಚೆ ಸರಿದು ನಿಂತ ಛಾವಣಿಯ ತ್ರಿಕೋನದ ತುದಿ ನೆಲದಿಂದ 8 ಅಡಿ. ಐದು ಅಡಿ ದೂರದಲ್ಲಿ ಮೂರು ಅಡಿ ಎತ್ತರದ ಅಡ್ಡಿ ಎಂದರೆ ಸುಮಾರು 31 ಡಿಗ್ರಿ ಆಕಾಶ ಮುಚ್ಚಿತು ಎಂದರ್ಥ. ಇದು ಹತ್ತನೇ ತರಗತಿಯ ತ್ರಿಕೋನಮಿತಿ. 14 ಡಿಗ್ರಿಯಲ್ಲಿರುವ ಧ್ರುವ ನಕ್ಷತ್ರ ನಿಮ್ಮ ತಗಡಿನ ಹಿಂದೆ ಸಮಾಧಿಯಾಗಿದೆ.

ಅದು ಕಾಣದಿದ್ದರೆ ಏನಾಯಿತು ಎನ್ನುವ ಹಾಗಿಲ್ಲ. ದೂರದರ್ಶಕ ತಿರುಗುವ ಅಕ್ಷವನ್ನು, ಅಂದರೆ ಧ್ರುವಾಕ್ಷವನ್ನು, ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ಕೂರಿಸಿದರೆ ಮಾತ್ರ ಅದು ನಕ್ಷತ್ರಗಳ ಹಿಂದೆ ಸರಿಯಾಗಿ ತಿರುಗುತ್ತದೆ, ಫೋಟೊ ತೆಗೆಯಲು ಬರುತ್ತದೆ. ಹಾಗೆ ಕೂರಿಸುವ ಸುಲಭದ ದಾರಿ ಧ್ರುವ ನಕ್ಷತ್ರವೇ. ಅದಿಲ್ಲದೆಯೂ ಕೂರಿಸಬಹುದು. ಪೂರ್ವದಲ್ಲೊಂದು, ನಡು ಆಕಾಶದಲ್ಲೊಂದು ನಕ್ಷತ್ರ ಹಿಡಿದು, ಅವು ಎತ್ತ ಜಾರುತ್ತವೆ ಎಂದು ನೋಡುತ್ತಾ ತಿದ್ದುವ ಕ್ರಮ ನನಗೂ ಗೊತ್ತಿದೆ, ಎರಡು ರಾತ್ರಿ ಕೂತು ಮಾಡಿಯೂ ಇದ್ದೇನೆ. ಆದರೆ ನಾನು ದುಡ್ಡು ಕೊಟ್ಟದ್ದು ಆ ಕಷ್ಟ ತಪ್ಪಲಿ ಎಂದು. "ಧ್ರುವ ನಕ್ಷತ್ರ ಬೇಕಂದ್ರೆ ಟೆಲಿಸ್ಕೋಪ್ ಹೊರಗಡೆ ತಂದು ನೋಡ್ಕೊಳ್ಳಿ ಸಾರ್" ಎಂದು ನಿಮ್ಮವರೊಬ್ಬರು ಸಲಹೆ ಕೊಟ್ಟರು. ಹೊರಗೆ ತಂದು ನೋಡುವುದಾದರೆ ಒಳಗೆ ಏನು, ಈರುಳ್ಳಿ ತುಂಬಿಡಲೇ?

ಧ್ರುವ ಒಂದೇ ಅಲ್ಲ. ಎಂ 81, ಎಂ 82 ಎಂಬ ಗ್ಯಾಲಕ್ಸಿ ಜೋಡಿ ನಮ್ಮೂರಿನಲ್ಲಿ ಅತಿ ಹೆಚ್ಚೆಂದರೆ 35 ಡಿಗ್ರಿ ಮೇಲೇರುತ್ತದೆ. ಅದರಲ್ಲಿ 31ನ್ನು ನೀವು ನುಂಗಿದಿರಿ. ದಕ್ಷಿಣದ ಕಥೆಯೂ ಇದೇ. ಆ ಕಡೆಯ ಗೋಡೆಯ ಮೇಲಿನ ಎರಡು ಅಡಿ ಮಡಚಿ ಇಳಿಸುವ ಹಾಗಿರಬೇಕೆಂದು ಒಪ್ಪಂದದಲ್ಲೇ ಇದೆ. ನೀವು ಸಲೀಸಾಗಿ 6 ಅಡಿ ಗೋಡೆ ಎಬ್ಬಿಸಿದ್ದೀರಿ. ತ್ರಿಶಂಕು ನಕ್ಷತ್ರಪುಂಜದ ಬುಡದ ನಕ್ಷತ್ರ ಗೋಡೆಯ ನೆತ್ತಿ ಸವರಿಕೊಂಡು ಹೋಗುತ್ತದೆ. ಯುರೋಪಿನವರು ತಮ್ಮ ಊರಿನಿಂದ ತ್ರಿಶಂಕುವನ್ನು ನೋಡಲಾರರು, ನಮಗೆ ಆ ಭಾಗ್ಯವಿದೆ. ಅದಕ್ಕೂ ಗೋಡೆ ಅಡ್ಡ.

ಈಗ ಪಾಯದ ವಿಷಯ. ನನಗೆ ನಿಜವಾಗಿ ಸಿಟ್ಟು ಬಂದಿರುವುದು ಇಲ್ಲಿ. ನೀವು ಕೊಟ್ಟ ನಕ್ಷೆಯಲ್ಲಿ ಛಾವಣಿಯ ಮೇಲೆ ಬೀಳುವ ಹಿಮದ ಭಾರದ ಲೆಕ್ಕವೂ ಇದೆ. ಚಿತ್ರದುರ್ಗದಲ್ಲಿ ಹಿಮ! ಅದನ್ನು ಕಂಡು ನಕ್ಕು ಸುಮ್ಮನಾಗಿದ್ದೆ. ಅದೇ ನಕ್ಷೆಯಲ್ಲಿ ದೂರದರ್ಶಕ ನಿಲ್ಲುವ ಕಂಬದ ಪಾಯ 42 ಇಂಚು ಆಳವಿರಬೇಕು ಎಂದಿದೆ. ಅಮೆರಿಕದ ಆ ಕಡೆ ಚಳಿಗಾಲಕ್ಕೆ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ, ಆ ಪದರದ ಕೆಳಗೆ ಪಾಯ ಇಳಿಯಬೇಕು, ಅದಕ್ಕೆ. ನಿಮ್ಮ ಮೇಸ್ತ್ರಿ ತೋಡಿದ್ದು 18 ಇಂಚು. ಹಿತ್ತಲಿನ ಅಂಚಿನಿಂದ ಹಾರೆ ಹಾಕಿ ಬಗೆದು ನೋಡಿದೆ, ಫೋಟೊ ಲಗತ್ತಿಸಿದ್ದೇನೆ. ಕೇಳಿದರೆ, "ಇಲ್ಲಿ ಐಸ್ ಎಲ್ಲಿದೆ ಸಾರ್, ಅಷ್ಟು ಆಳ ಬೇಡ." ಅಂದರೆ ಕಾಂಕ್ರೀಟ್ ಉಳಿಸುವಾಗ ನಿಮಗೆ ಇದು ಚಿತ್ರದುರ್ಗ ಎಂದು ನೆನಪಾಗುತ್ತದೆ, ಹಳಿ ಹಾಕುವಾಗ ಮಾತ್ರ ಮರೆತುಹೋಗುತ್ತದೆ.

ಇಲ್ಲಿ ಹಿಮ ಇಲ್ಲ, ನಿಜ. ಎರೆಮಣ್ಣು ಇದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಅಗಲ ಬಿರುಕು ಬಿಡುತ್ತದೆ. ಅದನ್ನು ದಾಟಿ ಗಟ್ಟಿ ಗರಸಿನವರೆಗೆ ತೋಡಿ ಎಂದು ಮೇಸ್ತ್ರಿಗೆ ನಾನೇ ಹೇಳಿ ಹೋಗಿದ್ದೆ. ನಾಲ್ಕು ಅಡಿಗೆ ಗರಸು ಸಿಗುತ್ತದೆ, ನಮ್ಮ ಮನೆಯ ಪಾಯ ತೆಗೆದಾಗ ನೋಡಿದ್ದೇನೆ. ಫೆಬ್ರವರಿಯಲ್ಲಿ ರಸಮಟ್ಟ ಇಟ್ಟಾಗ ನೆಟ್ಟಗಿದ್ದ ಕಂಬ ಆಗಸ್ಟ್ ಮಳೆ ಮುಗಿಯುವಷ್ಟರಲ್ಲಿ ಕಣ್ಣಿಗೆ ಕಾಣುವಷ್ಟು ಪೂರ್ವಕ್ಕೆ ವಾಲಿದೆ.

ವಾಲಿದ್ದು ಸಾಲದೆಂದು ಅದು ನಡುಗುತ್ತದೆ ಕೂಡ. ಕಂಬಕ್ಕೂ ಕೋಣೆಯ ನೆಲಕ್ಕೂ ಸಂಬಂಧವೇ ಇರಬಾರದು. ಸುತ್ತ ಒಂದಿಂಚು ಸಂದು ಬಿಟ್ಟು ಥರ್ಮಾಕೋಲ್ ತುಂಬಬೇಕು, ನೆಲದ ಮೇಲೆ ಯಾರು ನಡೆದರೂ ಅದರ ಅದುರು ಕಂಬಕ್ಕೆ ತಲುಪಬಾರದು. ಮನೆಯಲ್ಲಿ ವೀಕ್ಷಣಾಲಯ ಕಟ್ಟುವವರು ಮೊದಲು ಕಲಿಯುವ ಪಾಠ ಇದು. ನೀವು ಕಂಬಕ್ಕೆ ಅಂಟಿಸಿ ಕಾಂಕ್ರೀಟ್ ಹಾಕಿ, ಅದರ ಮೇಲೆ ಟೈಲ್ಸ್ ಕೂರಿಸಿ, ಸಂದಿಗೆ ಬಿಳಿ ಸಿಮೆಂಟ್ ಮೆತ್ತಿ ಚೆಂದ ಮಾಡಿದ್ದೀರಿ. ನೋಡಲು ಪೂಜಾಮಂದಿರದ ಹಾಗಿದೆ. 6 ಮಿಲಿಮೀಟರ್ ಕಣ್ಣಮಸೂರ ಹಾಕಿ 200 ಪಟ್ಟು ಹಿಗ್ಗಿಸಿ ಗುರುಗ್ರಹವನ್ನು ನೋಡುತ್ತಿದ್ದರೆ, ನನ್ನ ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದದ್ದು ನನಗೆ ಮೊದಲು ಗುರುವಿನಲ್ಲೇ ಗೊತ್ತಾಗುತ್ತದೆ. ಆತ ಕುಣಿಯಲು ಶುರುಮಾಡುತ್ತಾನೆ.

ಶನಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಅದರ ಬಳೆಗಳು ಕಳೆದ ಮಾರ್ಚಿನಲ್ಲಿ ನಮಗೆ ಅಂಚು ತೋರಿಸಿ ತಿರುಗಿದವು. ಈಗಲೂ ಗೆರೆ ಎಳೆದಷ್ಟೇ ತೆಳ್ಳಗಿವೆ. ಹಿಂದೆ ಹೀಗಾದದ್ದು 2009ರಲ್ಲಿ, ಮುಂದಿನದು 2038–39ಕ್ಕೆ. ಇದೇ ಸೆಪ್ಟೆಂಬರ್ 21ಕ್ಕೆ ಶನಿ ಸೂರ್ಯನಿಗೆ ನೇರ ಎದುರು ಬರುತ್ತದೆ, ರಾತ್ರಿಯಿಡೀ ಆಕಾಶದಲ್ಲಿರುತ್ತದೆ. ಅಷ್ಟು ತೆಳು ಗೆರೆಯನ್ನು ನಡುಗುವ ಕಂಬದ ಮೇಲೆ ನೋಡಲಾಗದು. ನನಗೀಗ 63. ಮುಂದಿನ ಸಲಕ್ಕೆ 77.

ಕಂಬದ ತಲೆಯ ಮೇಲಿನ ಉಕ್ಕಿನ ಫಲಕ 14 ಇಂಚು ಅಗಲವಿದೆ, ಇದೂ ಅದೇ ನಕ್ಷೆಯ ಕೊಡುಗೆ. ನಮ್ಮ ಅಕ್ಷಾಂಶದಲ್ಲಿ ಧ್ರುವಾಕ್ಷ ಹೆಚ್ಚುಕಡಿಮೆ ಮಲಗಿಕೊಂಡೇ ಇರುವುದರಿಂದ ದೂರದರ್ಶಕದ ಭಾರ ಸರಿದೂಗಿಸುವ ಎದುರುತೂಕದ ಸರಳು ತಿರುಗುವಾಗ ಫಲಕಕ್ಕೆ ಬಡಿಯುತ್ತದೆ. 8 ಇಂಚಿಗಿಂತ ದೊಡ್ಡದು ಬೇಡ ಎಂದು ಬರೆದುಕೊಟ್ಟಿದ್ದೆ.

ಛಾವಣಿ ಸಿಕ್ಕಿಹಾಕಿಕೊಳ್ಳುವುದಕ್ಕೆ ಕಾರಣ ಕಂಡುಹಿಡಿಯಲು ಎಂಜಿನಿಯರ್ ಬೇಕಾಗಿಲ್ಲ. ಎರಡು ಹಳಿಗಳ ನಡುವಿನ ಅಂತರ ದಕ್ಷಿಣದ ತುದಿಯಲ್ಲೊಂದು, ಉತ್ತರದ ತುದಿಯಲ್ಲೊಂದು. ಮುಕ್ಕಾಲು ಇಂಚು ವ್ಯತ್ಯಾಸ. ಗಾಲಿಗಳು ಕಾಂಪೌಂಡ್ ಗೇಟಿಗೆ ಹಾಕುವಂಥವು. ಛಾವಣಿಯನ್ನು ಕೆಳಗೆ ಬಿಗಿಯಲು ನಾಲ್ಕು ಟರ್ನ್‌ಬಕಲ್ (ತಿರುಗಿಸಿ ಬಿಗಿಮಾಡುವ ಕೊಂಡಿ) ಎಂದು ಬಿಲ್ಲಿನಲ್ಲಿದೆ, ಇರುವುದು ಬಾಗಿಲಿಗೆ ಹಾಕುವ ಎರಡು ಚಿಲಕ. ಜೋಗಿಮಟ್ಟಿ ಬೆಟ್ಟದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ ಸ್ವಾಮಿ. ಜುಲೈ 3ರ ರಾತ್ರಿ ಆಷಾಢದ ಗಾಳಿಗೆ ಒಂದು ಚಿಲಕ ಕಿತ್ತು, ಛಾವಣಿಯ ನೈಋತ್ಯ ಮೂಲೆ ಎದ್ದು ಬಾಗಿತು. ಆ ಸಂದಿಯಿಂದ ಓರೆಯಾಗಿ ನುಗ್ಗಿದ ಇರಿಚಲು ಕನ್ನಡಿಯ ಮೇಲೆ ಬಿದ್ದಿದೆ. ಈಗ ಅದರಲ್ಲಿ ಬೂಷ್ಟಿನ ಚುಕ್ಕೆಗಳಿವೆ, ಅಲ್ಯೂಮಿನಿಯಂ ಲೇಪವನ್ನು ಹೊಸದಾಗಿ ಹಾಕಿಸಬೇಕು.

ಇನ್ನೊಂದು ಉಡುಗೊರೆಯನ್ನು ಮರೆಯಬಾರದು. ಕೆಲಸ ಮುಗಿದ ಖುಷಿಗೆ "ಕಾಂಪ್ಲಿಮೆಂಟರಿ" ಎಂದು ಬಾಗಿಲ ಮೇಲೆ 50 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್ ಹಾಕಿಹೋಗಿದ್ದೀರಿ, ಕತ್ತಲಾದರೆ ತಾನೇ ಹತ್ತಿಕೊಳ್ಳುವಂಥದ್ದು. ನಕ್ಷತ್ರ ನೋಡುವ ಮನೆಗೆ! ಅದನ್ನು ನಾನೇ ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದೇನೆ, ಬಂದಾಗ ತೆಗೆದುಕೊಂಡು ಹೋಗಿ.

ಒಟ್ಟು ಮೊತ್ತ 3,45,000 ರೂಪಾಯಿಯಲ್ಲಿ ನಾನು 3,05,000 ಪಾವತಿ ಮಾಡಿದ್ದೇನೆ. ಉಳಿದ 40,000ಕ್ಕೆ ನಿಮ್ಮ ಲೆಕ್ಕಪತ್ರ ವಿಭಾಗದವರು ವಾರಕ್ಕೆರಡು ಸಲ ತಪ್ಪದೆ ಫೋನ್ ಮಾಡುತ್ತಾರೆ. ದೂರು ಕೇಳುವ ವಿಭಾಗಕ್ಕೂ ಆ ಶಿಸ್ತು ಇದ್ದಿದ್ದರೆ ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಕೆಲಸ ಸರಿಯಾಗುವವರೆಗೆ ಆ ಹಣ ಕೊಡುವುದಿಲ್ಲ.

ನಾನು ಕೇಳುತ್ತಿರುವುದು ಅಸಾಧ್ಯವಾದದ್ದಲ್ಲ. ಕಟ್ಟಡ 10ಕ್ಕೆ 10 ಅಡಿಯ ಚೌಕ. ಛಾವಣಿಯನ್ನು ಎತ್ತಿ 90 ಡಿಗ್ರಿ ತಿರುಗಿಸಿ ಕೂರಿಸಿದರೆ, ಹಳಿಗಳನ್ನು ಬಿಚ್ಚಿ ಪಶ್ಚಿಮಕ್ಕೆ ಹಾಕಿದರೆ ಹೊಸ ತಗಡಿನ ಖರ್ಚೂ ಇಲ್ಲ. ಹೊಸ ಗಾಲಿ, ಟರ್ನ್‌ಬಕಲ್ ಹಾಕಿಸಿ, ಬಾಗಿದ ಮೂಲೆ ನೆಟ್ಟಗೆ ಮಾಡಿಸಿ. ದಕ್ಷಿಣದ ಗೋಡೆಯನ್ನು ಒಪ್ಪಂದದಂತೆ ಮಡಚುವ ಹಾಗೆ ಮಾಡಿ. ಕಂಬವನ್ನು ಮಾತ್ರ ಕಿತ್ತು, ಗರಸಿನವರೆಗೆ ತೋಡಿ, ನೆಲದಿಂದ ಬೇರ್ಪಡಿಸಿ ಹೊಸದಾಗಿ ಕಟ್ಟಲೇಬೇಕು. ತೇಪೆ ಹಚ್ಚುವುದಕ್ಕೆ ಒಪ್ಪುವುದಿಲ್ಲ. ಕನ್ನಡಿಯ ಲೇಪದ ಖರ್ಚೂ ನಿಮ್ಮದೇ. ಕಂಬ, ಕನ್ನಡಿ ಬಿಟ್ಟು ಉಳಿದ ಕೆಲಸಕ್ಕೆ ಇಲ್ಲಿನ ವೆಲ್ಡಿಂಗ್ ಅಂಗಡಿಯವರು 62,000 ರೂಪಾಯಿ ಹೇಳಿದ್ದಾರೆ. ನಿಮ್ಮಿಂದ ಆಗದಿದ್ದರೆ ಒಟ್ಟು ಖರ್ಚು ಕೊಟ್ಟುಬಿಡಿ, ನಾನೇ ಮುಂದೆ ನಿಂತು ಮಾಡಿಸಿಕೊಳ್ಳುತ್ತೇನೆ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸೇವಾ ನ್ಯೂನತೆಯ ದೂರನ್ನು ಇಲ್ಲಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದಾಖಲಿಸುತ್ತೇನೆ. ದೂರುದಾರ ವಾಸವಿರುವ ಊರಿನಲ್ಲೇ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಹಾಗಾಗಿ ಬೆಂಗಳೂರಿನಿಂದ ಓಡಾಡಬೇಕಾಗುವುದು ನೀವು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಿವೃತ್ತ ಮೇಷ್ಟ್ರಿಗೆ ಪುರುಸೊತ್ತು ಬೇಕಾದಷ್ಟಿರುತ್ತದೆ.

ನಿಮ್ಮ ಎಂಜಿನಿಯರನ್ನು ಕಳಿಸುವುದಾದರೆ ಹಗಲು ಹೊತ್ತು ಬೇಡ. ಸಂಜೆ ಏಳೂವರೆ ದಾಟಿದ ಮೇಲೆ, ಮೋಡವಿಲ್ಲದ ದಿನ ಕಳಿಸಿ. ಕಾಫಿ ಕೊಟ್ಟು, ಹಿತ್ತಲಿನಲ್ಲಿ ನಿಲ್ಲಿಸಿ ಧ್ರುವ ನಕ್ಷತ್ರ ಎಲ್ಲಿದೆ ಎಂದು ತೋರಿಸುತ್ತೇನೆ. ಆಮೇಲೆ ಒಳಗೆ ಕರೆದುಕೊಂಡು ಹೋಗುತ್ತೇನೆ, ಅವರು ನನಗೆ ತೋರಿಸಲಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ನಿವೃತ್ತ ವಿಜ್ಞಾನ ಶಿಕ್ಷಕ, ಚಿತ್ರದುರ್ಗ

ಲಗತ್ತು: ಒಪ್ಪಂದ ಮತ್ತು ಬಿಲ್ಲಿನ ನಕಲು, ಹಣ ಪಾವತಿಯ ರಸೀದಿಗಳು, ಅಕ್ಟೋಬರ್ 24ರ ವಾಟ್ಸಾಪ್ ಸಂದೇಶದ ಪ್ರತಿ, ಪಾಯ, ಹಳಿ ಹಾಗೂ ಕನ್ನಡಿಯ 11 ಫೋಟೊಗಳು, ವೆಲ್ಡಿಂಗ್ ಅಂಗಡಿಯವರ ಅಂದಾಜು ಪಟ್ಟಿ.