ಮಗಳಿಗೊಂದು ಪತ್ರ: ಐದೂವರೆ ಮನೆಯಿಂದ ಶುರು ಮಾಡು

ತುಮಕೂರು
ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಕೇಳಿದ್ದಕ್ಕೆ ಫೋನಿನಲ್ಲಿ ಸರಿಯಾಗಿ ಉತ್ತರ ಹೇಳೋಕೆ ಆಗಲಿಲ್ಲ. ಯಾವ ಬೆರಳು ಪಿಯಾನೊದ ಯಾವ ಮನೆಯ, ಅಂದರೆ ಯಾವ ಕೀಲಿಯ ಮೇಲೆ ಅನ್ನೋದನ್ನು ಬಾಯಲ್ಲಿ ಹೇಳಿದರೆ ಅರ್ಧ ತಲುಪುತ್ತೆ, ಅರ್ಧ ಗಾಳಿಗೆ ಹೋಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಪಿಯಾನೊ ಮುಂದೆ ಇಟ್ಟುಕೊಂಡು ಓದು.

ಕಾಲೇಜಿನ ಪಿಯಾನೊ ಮೇಲೆ ನುಡಿಸೋಕೆ ನೀನು ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಆರಿಸಿಕೊಂಡೆ ಅಂತ ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಬಲಗೈ ಒಂದೇ ಆದರೆ ಚೆನ್ನಾಗಿ ಬರುತ್ತೆ, ಎಡಗೈ ಸೇರಿಸಿದ ತಕ್ಷಣ ಬೇರೆ ಯಾವುದೋ ಹಾಡಿನ ಹಾಗೆ ಕೇಳುತ್ತೆ ಅಂದೆ. ನೀನು ನೋಡಿ ಕಲಿತ ವಿಡಿಯೊ ನಾನೂ ನೋಡಿದೆ. ನಿನ್ನ ಬೆರಳಿನದೇನೂ ತಪ್ಪಿಲ್ಲ, ಪುಟ್ಟಿ. ಅದರಲ್ಲಿ ಎಡಗೈಗೆ ಕೊಟ್ಟಿರುವ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಮೂರು ಸ್ವರ, ಈ ರಾಗಕ್ಕೆ ಹೊಂದುವುದೇ ಇಲ್ಲ.

ಪುರಂದರದಾಸರ ಈ ಪದವನ್ನು ಶ್ರೀ ರಾಗದಲ್ಲಿ ಹಾಡುವವರೂ ಇದ್ದಾರೆ. ನಮ್ಮ ಶುಕ್ರವಾರದ ಭಜನೆಯಲ್ಲಿ ನೀನು ಚಿಕ್ಕಂದಿನಿಂದ ಹಾಡಿಕೊಂಡು ಬಂದಿರುವುದು ಮಧ್ಯಮಾವತಿ. ಅದರಲ್ಲಿ ಐದೇ ಸ್ವರ. ಸ, ರಿ, ಮ, ಪ, ನಿ. ಗಾಂಧಾರ ಇಲ್ಲ, ಧೈವತ ಇಲ್ಲ. ವಿಡಿಯೊದವರು ಸಿ ಅನ್ನುವ ಬಿಳಿ ಮನೆಯನ್ನು ಸ ಮಾಡಿಕೊಂಡು, ಎಡಗೈಗೆ ಸಿ ಮೇಜರ್ ಕಾರ್ಡ್ ಕೊಟ್ಟಿದ್ದಾರೆ. ಅಂದರೆ ಸಿ, ಇ, ಜಿ. ಆ ನಡುವಿನ ಇ ಏನು ಹೇಳು? ಗಾಂಧಾರ! ರಾಗದಲ್ಲಿ ಇಲ್ಲದ ಸ್ವರವನ್ನು ಎಡಗೈ ಪ್ರತಿ ಆವರ್ತದಲ್ಲೂ ಒತ್ತಿ ಒತ್ತಿ ಹೇಳುತ್ತಿದೆ. ಮೈನರ್ ಕಾರ್ಡ್ ಹಾಕಿದರೂ ಅಷ್ಟೇ, ಇನ್ನೊಂದು ಗಾಂಧಾರ ಬರುತ್ತೆ. ನಿನ್ನ ಕಿವಿಗೆ ಅದು ಹಿಡಿಸಲಿಲ್ಲ ಅಂದರೆ ನಿನ್ನ ಕಿವಿ ಸರಿಯಾಗಿದೆ ಅಂತ ಅರ್ಥ.

ಈಗ ಒಂದು ಕೆಲಸ ಮಾಡು. ಸಿ ಬಿಟ್ಟುಬಿಡು. ನೀನು ಹಾಡುವ ಶ್ರುತಿ ಐದೂವರೆ ಮನೆ, ಅಲ್ವಾ? ಪಿಯಾನೊದವರು ಅದನ್ನೇ ಜಿ ಶಾರ್ಪ್ ಅನ್ನುತ್ತಾರೆ. ಮೂರು ಕಪ್ಪು ಮನೆಗಳು ಒಟ್ಟಿಗೆ ಇರುತ್ತವಲ್ಲ, ಅದರಲ್ಲಿ ನಡುವಿನದು. ಅದನ್ನು ಷಡ್ಜ, ಅಂದರೆ ಸ ಮಾಡಿಕೋ. ಆಗ ರಿಷಭ ಅದರ ಬಲಪಕ್ಕದ ಕಪ್ಪು, ಎ ಶಾರ್ಪ್. ಮಧ್ಯಮ ಸಿ ಶಾರ್ಪ್. ಪಂಚಮ ಡಿ ಶಾರ್ಪ್. ನಿಷಾದ ಎಫ್ ಶಾರ್ಪ್. ನೋಡಿದೆಯಾ? ಐದು ಸ್ವರ, ಐದೂ ಕಪ್ಪು! 88 ಮನೆಗಳ ಪಿಯಾನೊದಲ್ಲಿ ಕಪ್ಪು ಇರುವುದು 36. ನಿನ್ನ ಇಡೀ ಹಾಡು ಆ ಕಪ್ಪುಗಳ ಮೇಲೇ ನಡೆಯುತ್ತೆ. ಒಂದು ಬಿಳಿ ಮನೆಯನ್ನೂ ಮುಟ್ಟಬೇಕಿಲ್ಲ. ಮೇಲಾಗಿ ಅದು ನಿನ್ನ ಗಂಟಲಿನದೇ ಶ್ರುತಿ. ಹಾಡುತ್ತಾ ನುಡಿಸಬಹುದು.

ಕಪ್ಪು ಮನೆ ಸಣ್ಣದು, ಎತ್ತರದಲ್ಲಿರುತ್ತೆ, ಬೆರಳು ಜಾರುತ್ತೆ ಅಂತ ನೀನು ಹೆದರಬಹುದು. ಬೆರಳನ್ನು ತೀರಾ ಬಗ್ಗಿಸಬೇಡ, ಸ್ವಲ್ಪ ಚಾಚಿ ಇಡು. ಕೈಯನ್ನು ಒಳಕ್ಕೆ, ಮರದ ಹಲಗೆಯ ಕಡೆಗೆ ಸರಿಸಿಕೋ. ಆಗ ಹೆಬ್ಬೆರಳಿಗೂ ಕಪ್ಪು ಮನೆ ಎಟುಕುತ್ತೆ.

ಎಡಗೈಗೆ ಬರೋಣ. ಕಾರ್ಡಿನ ನಡುವಿನ ಬೆರಳನ್ನು ಎತ್ತಿಬಿಡು. ಕಿರುಬೆರಳು ಷಡ್ಜದ ಮೇಲೆ, ಹೆಬ್ಬೆರಳು ಪಂಚಮದ ಮೇಲೆ. ಅಷ್ಟೇ. ಸ, ಪ. ತಂಬೂರಿ ಮಾಡುವ ಕೆಲಸ ಅದೇ ತಾನೆ? ಆದಿತಾಳದ ಎಂಟು ಎಣಿಕೆಯಲ್ಲಿ ಮೊದಲನೆಯದಕ್ಕೆ ಸ, ಐದನೆಯದಕ್ಕೆ ಪ. ಇದು ನಿದ್ದೆಗಣ್ಣಿನಲ್ಲೂ ತಪ್ಪದ ಹಾಗೆ ಆಗಲಿ, ಆಮೇಲೆ ಬಲಗೈ ಸೇರಿಸು. ಬರೀ ಸ, ಪ ಸಪ್ಪೆ ಅನ್ನಿಸಿದರೆ ಈ ರಾಗಕ್ಕೆ ಪೂರ್ತಿ ಒಗ್ಗುವ ಎರಡು ಕಾರ್ಡ್ ಇವೆ, ನಾನು ಮನೆಯಲ್ಲಿ ಒತ್ತಿ ನೋಡಿದ್ದೇನೆ. ಎಫ್ ಶಾರ್ಪ್ ಮೇಜರ್ ಅಂದರೆ ನಿ, ರಿ, ಮ. ಡಿ ಶಾರ್ಪ್ ಮೈನರ್ ಅಂದರೆ ಪ, ನಿ, ರಿ. ಎರಡರಲ್ಲೂ ಹೊರಗಿನ ಸ್ವರ ಒಂದೂ ಇಲ್ಲ. ಆದರೆ ಪಲ್ಲವಿಗೆ ಇವು ಬೇಡ. ಪಲ್ಲವಿ ಸ, ಪ ಮೇಲೇ ನಿಲ್ಲಲಿ.

ಇನ್ನೊಂದು ಮಾತು. ನೀನು ನಮ್ಮ ಹಾರ್ಮೋನಿಯಂ ಮೇಲೆ ಬೆಳೆದವಳು. ಅದರಲ್ಲಿ ತಿದಿ ಒತ್ತುತ್ತಾ ಇರುವವರೆಗೂ ಸ್ವರ ನಿಂತಿರುತ್ತೆ. ಪಿಯಾನೊ ಹಾಗಲ್ಲ. ಮನೆ ಒತ್ತಿದಾಗ ಒಳಗೆ ಒಂದು ಚಿಕ್ಕ ಸುತ್ತಿಗೆ ತಂತಿಗೆ ಹೊಡೆದು ಹಿಂದಕ್ಕೆ ಬರುತ್ತೆ. ಹೊಡೆದ ಗಳಿಗೆಯಿಂದಲೇ ಸ್ವರ ಕರಗೋಕೆ ಶುರು. ಆಮೇಲೆ ಎಷ್ಟು ಅದುಮಿದರೂ ಬೆಳೆಯೋದಿಲ್ಲ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಈ ಸುತ್ತಿಗೆಯನ್ನು ಕೂರಿಸಿದ್ದರಿಂದಲೇ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಸುವುದು ಸಾಧ್ಯವಾಯಿತು. ನಮ್ಮ ಪೆಟ್ಟಿಗೆಯಲ್ಲಿ ಜೋರು, ಮೆಲ್ಲಗೆ ಎಲ್ಲ ತಿದಿಯಲ್ಲಿ. ನಿನಗೀಗ ಅದು ಬೆರಳಿಗೆ ಬರಬೇಕು. ‘ಬಾರಮ್ಮ’ ಅಂತ ಎಳೆಯುವ ಕಡೆ ಬಲಗಾಲಿನ ಪೆಡಲ್ ಒತ್ತು, ತಂತಿಗಳು ಇನ್ನಷ್ಟು ಹೊತ್ತು ನುಡಿಯುತ್ತವೆ. ನಡುವೆ ಇನ್ನೊಂದು ಮನೆಯೇ ಇಲ್ಲದ ಹಾಗೆ ಅಂಟಿಕೊಂಡ ಸ್ವರಗಳು ಈ ರಾಗದಲ್ಲಿ ಎಲ್ಲೂ ಇಲ್ಲ, ಹಾಗಾಗಿ ಪೆಡಲ್‌ನಲ್ಲಿ ಸ್ವರಗಳು ಬೆರೆತರೂ ಕಿವಿಗೆ ಚುಚ್ಚುವುದಿಲ್ಲ.

ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವುದು, ಮಾತ್ರ ಬರುವುದಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಜಾರುವ ದಾರಿಯೇ ಇಲ್ಲ. ಹಾರ್ಮೋನಿಯಂ ಮೇಲೂ ಇದೇ ದೂರು ಇತ್ತು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿ, ಸುಮಾರು ಮೂರು ದಶಕ ದೂರ ಇಟ್ಟಿತ್ತು. ನಮ್ಮ ಜಿಲ್ಲೆಯ ನಾಟಕದವರು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ ಬಿಡು. 1884ರಲ್ಲಿ ಕಂಪನಿ ನಾಟಕ ಕಟ್ಟಿದ ಗುಬ್ಬಿ ಸೀಮೆ ನಮ್ಮದು. ಇವತ್ತಿಗೂ ಇಲ್ಲಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ಆಡಬೇಕು ಅಂದರೆ ಮೊದಲು ಗೊತ್ತು ಮಾಡುವುದು ಹಾರ್ಮೋನಿಯಂ ಮೇಷ್ಟ್ರನ್ನು. ನಿನ್ನ ತಾತ ಅಂಥ ಮೇಷ್ಟ್ರಾಗಿದ್ದರಲ್ಲ. ಅವರು ನುಡಿಸುವಾಗ ಕಣ್ಣು ಯಾವತ್ತೂ ಮನೆಗಳ ಮೇಲೆ ಇರುತ್ತಿರಲಿಲ್ಲ, ದುರ್ಯೋಧನನ ಬಾಯಿಯ ಮೇಲೆ ಇರುತ್ತಿತ್ತು. ಅವನು ಎಲ್ಲಿ ಉಸಿರು ತಗೋತಾನೆ, ಎಲ್ಲಿ ಎಳೆಯುತ್ತಾನೆ ನೋಡಿ ಬೆರಳು ಇಡುತ್ತಿದ್ದರು. ‘ಬಾಯಿ ಮುಂದೆ, ಬೆರಳು ಹಿಂದೆ’ ಅನ್ನೋರು. ನಿನಗೂ ನಾನು ಹೇಳೋದು ಅದೇ. ವಿಡಿಯೊದಲ್ಲಿ ಮೇಲಿಂದ ಬೀಳುವ ಬಣ್ಣದ ಪಟ್ಟಿಗಳನ್ನು ನೋಡಿ ಒತ್ತುತ್ತಾ ಹೋದರೆ ಸ್ವರಗಳು ಸಿಗುತ್ತವೆ, ಹಾಡು ಸಿಗುವುದಿಲ್ಲ. ವಿಡಿಯೊ ಮುಚ್ಚಿಡು. ಒಂದು ಸಾಲು ಹಾಡು. ನೀನು ಎಲ್ಲಿ ಉಸಿರು ತಗೊಂಡೆಯೋ ಅಲ್ಲಿ ಕೈಯೂ ಏಳಲಿ. ರಿಷಭವನ್ನು ಬಾಯಲ್ಲಿ ಅಲುಗಿಸುತ್ತೀಯಲ್ಲ, ಅಲ್ಲಿ ಮಧ್ಯಮವನ್ನು ಒಂದೇ ಒಂದು ಚಿಟಿಕೆ ಹೊತ್ತು ಸೋಕಿಸಿ ರಿಷಭಕ್ಕೆ ಇಳಿ. ಗಮಕ ಆಗುವುದಿಲ್ಲ, ಅದರ ನೆರಳು ಬರುತ್ತೆ. ಎಲ್ಲ ರಿಷಭಕ್ಕೂ ಹೀಗೆ ಮಾಡಬೇಡ, ಜಾಸ್ತಿಯಾದರೆ ಅಲಂಕಾರ ಎದ್ದು ಕಾಣುತ್ತೆ, ಲಕ್ಷ್ಮಿ ಕಾಣುವುದಿಲ್ಲ.

‘ಹೆಜ್ಜೆಯ ಮೇಲೆ ಹೆಜ್ಜೆಯನಿಕ್ಕುತ’ ಬಂದಾಗ ಎಡಗೈ ಎಂಟೂ ಎಣಿಕೆಗೆ ನಡೆಯಲಿ. ಸ, ಪ, ಸ, ಪ. ಆದರೆ ತುಂಬಾ ಮೆಲ್ಲಗೆ. ದಾಸರು ಕರೆಯುತ್ತಿರುವುದು ಗೆಜ್ಜೆ ಕಟ್ಟಿಕೊಂಡು ಮನೆಯೊಳಗೆ ಬರುವವಳನ್ನು. ಮೆರವಣಿಗೆ ಅಲ್ಲ ಅದು. ಇಲ್ಲಿ ಪೆಡಲ್ ಬಿಟ್ಟುಬಿಡು, ಒಂದೊಂದು ಹೆಜ್ಜೆಯೂ ಬೇರೆ ಬೇರೆ ಕೇಳಬೇಕು.

‘ಕನಕವೃಷ್ಟಿಯ ಕರೆಯುತ ಬಾರೆ’ ಅನ್ನುವ ಸಾಲಿಗೆ ಎಫ್ ಶಾರ್ಪ್ ಮೇಜರ್ ಹಾಕಬೇಕೋ, ಡಿ ಶಾರ್ಪ್ ಮೈನರ್ ಹಾಕಬೇಕೋ ಅನ್ನೋದು ನನಗೆ ಇನ್ನೂ ಇತ್ಯರ್ಥವಾಗಿಲ್ಲ. ಮೊದಲನೆಯದು ತುಂಬಿಕೊಂಡು ಕೇಳುತ್ತೆ. ಎರಡನೆಯದು ಬೇಡಿಕೊಂಡ ಹಾಗೆ ಇದೆ, ನನಗೆ ಅದೇ ಒಂದು ಗುಲಗಂಜಿ ಜಾಸ್ತಿ ಇಷ್ಟ. ನೀನು ಎರಡನ್ನೂ ನುಡಿಸಿ ರೆಕಾರ್ಡ್ ಮಾಡಿ ಶುಕ್ರವಾರದ ಒಳಗೆ ಕಳಿಸು. ಭಜನೆಗೆ ಬರುವವರಿಗೂ ಕೇಳಿಸುತ್ತೇನೆ.

ಇತಿ ನಿನ್ನ
ಅಮ್ಮ