ಬೆರಳಿನ ತಪ್ಪಲ್ಲ ಅದು

ಮೂಡಿಗೆರೆ

ಚಿ. ಸಿಂಚನಾಳಿಗೆ ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಕೆಲಸ ಬಿಟ್ಟು ಎರ್ಗನಾಮಿಕ್ಸ್ (ಕೆಲಸವನ್ನೂ ಉಪಕರಣವನ್ನೂ ಮನುಷ್ಯನ ದೇಹ, ಮನಸ್ಸಿಗೆ ಹೊಂದಿಸುವ ಶಾಸ್ತ್ರ) ಮತ್ತು ಯೂಸರ್ ಎಕ್ಸ್‌ಪೀರಿಯನ್ಸ್ (ಬಳಸುವವರ ಅನುಭವ) ವಿನ್ಯಾಸದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಓದಲೇ ಎಂದು ನೀನು ಕೇಳಿದ್ದಕ್ಕೆ ಫೋನಿನಲ್ಲಿ ಸರಿಯಾಗಿ ಉತ್ತರಿಸಲಾಗಲಿಲ್ಲ. ಮೊಬೈಲಿನ ಪರದೆಯನ್ನು ಅಂದಗಾಣಿಸುವುದಕ್ಕೂ ಮಾಸ್ಟರ್ಸ್ ಬೇಕೇ ಎಂದು ನಿನ್ನ ಚಿಕ್ಕಪ್ಪ ಕೇಳಿದ್ದರಿಂದ ನಿನಗೆ ನೋವಾಗಿದೆಯೆಂದು ಅಮ್ಮ ಹೇಳಿದಳು. ಓದು ಎಂಬುದೇ ನನ್ನ ಅಭಿಪ್ರಾಯ. ಏಕೆ ಓದಬೇಕು, ಎಂಥ ಕಡೆ ಓದಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಕಾಫಿ ತೋಟದಲ್ಲಿ ಬೆಳಗಿನ ಮಸ್ಟರನ್ನು, ಅಂದರೆ ಆಳುಗಳ ಹಾಜರಿಯನ್ನು, ಈಗ ಪುಸ್ತಕದಲ್ಲಿ ಬರೆಯುವುದಿಲ್ಲ, ಬೆರಳ ಗುರುತು ಹಿಡಿಯುವ ಯಂತ್ರದಲ್ಲಿ ಹಾಕಿಸುತ್ತೇವೆ. ಕೊಯ್ಲಿನ ಕಾಲದಲ್ಲಿ ಹಣ್ಣು ಬಿಡಿಸಿ ಬಿಡಿಸಿ ಹೆಂಗಸರ ಬೆರಳ ತುದಿ ಸವೆದು, ಅಂಟು ಹತ್ತಿ ಕಪ್ಪಾಗಿರುವುದರಿಂದ ಯಂತ್ರಕ್ಕೆ ಗುರುತು ಸಿಗುವುದಿಲ್ಲ. ಕೆಂಪು ದೀಪ ಹತ್ತಿ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡುತ್ತದೆ. ಹಿರಿಯ ಹೆಂಗಸೊಬ್ಬರು ಬೆರಳನ್ನು ಸೆರಗಿಗೆ ಒರೆಸಿಕೊಂಡು, ಬಾಯಿಂದ ಊದಿಕೊಂಡು, ಮತ್ತೆ ಮತ್ತೆ ಒತ್ತಿ, ಕೊನೆಗೆ "ನನ್ನ ಕೈಯೇ ಸರಿಯಿಲ್ಲ ರೈಟ್ರೇ" ಎಂದು ತಲೆ ತಗ್ಗಿಸುತ್ತಾರೆ. ಆ ಯಂತ್ರವನ್ನು ಮಾರುವ ಮೊದಲು ಕಾಫಿ ಕೊಯ್ಯುವವರ ಬೆರಳನ್ನು ಯಾರೂ ಗಮನಕ್ಕೆ ತಂದುಕೊಂಡಿಲ್ಲ. ತಪ್ಪು ಯಂತ್ರದ್ದಾಗಿರುವಾಗ ಅದನ್ನು ತಮ್ಮ ಮೇಲೆ ಹಾಕಿಕೊಳ್ಳುವವರನ್ನು ಕಂಡರೆ ನನಗೆ ಬಹಳ ಸಂಕಟವಾಗುತ್ತದೆ, ಮತ್ತು ನೀನು ಓದಬಯಸಿರುವ ಶಾಸ್ತ್ರ ಹಿಡಿದಿರುವುದೂ ಇದೇ ಪ್ರಶ್ನೆಯನ್ನು ಎಂದು ನೀನು ಕೊಟ್ಟುಹೋದ ಲೇಖನಗಳನ್ನು ಓದಿದ ಮೇಲೆ ತಿಳಿಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ವಿಮಾನಗಳನ್ನು ನೆಲಕ್ಕಿಳಿಸಿದ ಪೈಲಟ್‌ಗಳು ರೆಕ್ಕೆಯ ಹಿಂಬದಿಯ ಮಡಚುವ ಫಲಕವಾದ ಫ್ಲ್ಯಾಪ್ ಎತ್ತಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರಂತೆ; ಅದನ್ನೆಲ್ಲ ಪೈಲಟ್‌ನ ತಪ್ಪು ಎಂದೇ ದಾಖಲಿಸುತ್ತಿದ್ದರು. ಅಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಪರಿಶೀಲಿಸಿದಾಗ ಎರಡೂ ಸ್ವಿಚ್‌ಗಳು ಅಕ್ಕಪಕ್ಕದಲ್ಲಿದ್ದು ಕೈಗೆ ಒಂದೇ ಥರ ಸಿಗುತ್ತಿದ್ದುದು ಕಂಡುಬಂತು. ಒಂದರ ತುದಿಗೆ ಗಾಲಿಯ ಆಕಾರ, ಇನ್ನೊಂದಕ್ಕೆ ಬೆಣೆಯ ಆಕಾರ ಕೊಟ್ಟದ್ದೇ ಪರಿಹಾರವಾಯಿತು. ಮುಂದೆ 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಪೈಲಟ್‌ಗಳಿಂದಾದ 460 ಪ್ರಮಾದಗಳ ವಿವರ ಕಲೆಹಾಕಿ, ಅವುಗಳಲ್ಲಿ ಬಹುಪಾಲಿಗೆ ಉಪಕರಣದ ರಚನೆಯೇ ದಾರಿಮಾಡಿತ್ತು ಎಂದು ತೋರಿಸಿದರು. ಅಮೆರಿಕದಲ್ಲಿ 1979ರಲ್ಲಿ ನಡೆದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಅವಘಡ ನನ್ನನ್ನು ಇನ್ನೂ ಹೆಚ್ಚು ಕಾಡಿತು. ಅಲ್ಲಿ ಮುಚ್ಚಬೇಕಿದ್ದ ಒಂದು ವಾಲ್ವ್ ತೆರೆದೇ ಉಳಿದಿತ್ತು, ಆದರೆ ಫಲಕದ ದೀಪ ತೋರಿಸುತ್ತಿದ್ದುದು ವಾಲ್ವ್ ಮುಚ್ಚಿದೆಯೇ ಎಂಬುದನ್ನಲ್ಲ, ಮುಚ್ಚುವಂತೆ ವಿದ್ಯುತ್ ಆದೇಶ ಹೋಗಿದೆಯೇ ಎಂಬುದನ್ನು ಮಾತ್ರ. ದೀಪ ಆರಿದ್ದನ್ನು ಕಂಡು ವಾಲ್ವ್ ಮುಚ್ಚಿತೆಂದು ನಂಬಿದ ನೌಕರರನ್ನು ದೂರುವುದು ಸುಲಭ. ಆ ದೀಪ ಏನನ್ನು ಹೇಳಬೇಕಿತ್ತು ಎಂದು ಕೇಳುವುದಕ್ಕೆ ಓದು ಬೇಕು.

ಆದ್ದರಿಂದ ಪರದೆಯ ಬಣ್ಣ, ಬಟನ್ನುಗಳಲ್ಲೇ ಮುಗಿಯುವ ಕೋರ್ಸಿಗೆ ಸೇರಬೇಡ. ದೇಹದ ಅಳತೆ, ಸ್ನಾಯುಗಳ ಮೇಲೆ ಬೀಳುವ ಭಾರ, ಗಮನ ಮತ್ತು ನೆನಪಿನ ಮಿತಿ, ಸಂಖ್ಯಾಶಾಸ್ತ್ರ, ಪ್ರಯೋಗ ರೂಪಿಸುವ ವಿಧಾನ ಇವೆಲ್ಲ ಪಠ್ಯದಲ್ಲಿರಬೇಕು, ಲ್ಯಾಬ್ ಬಿಟ್ಟು ಕೆಲಸದ ಸ್ಥಳಕ್ಕೆ ಕಳಿಸುವ ಅಧ್ಯಾಪಕರಿರಬೇಕು. ಕೆಲಸಗಾರರ ಸುರಕ್ಷತೆ, ಆರೋಗ್ಯವನ್ನು ಅಧ್ಯಯನ ಮಾಡುವ ಅಮೆರಿಕದ ನಯೋಶ್ (NIOSH) ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ ಎಲ್ಲ ಅನುಕೂಲಗಳಿದ್ದಾಗಲೂ ಕೈಯಿಂದ ಎತ್ತಲು ಶಿಫಾರಸು ಮಾಡಿರುವ ಮಿತಿ 23 ಕೆ.ಜಿ.; ಬಗ್ಗಿ, ತಿರುಗಿ, ದೂರದಿಂದ ಎತ್ತಿದಷ್ಟೂ ಅದು ಇಳಿಯುತ್ತದೆ. ನಮ್ಮಲ್ಲಿ ಕಾಫಿಯ ಲೆಕ್ಕವೇ 50 ಕೆ.ಜಿ. ಮೂಟೆಯದು, ಅದನ್ನು ಹೊತ್ತು ಲಾರಿಗೆ ಹಾಕುವವರ ಸೊಂಟದ ಕಥೆ ನಿನಗೆ ಗೊತ್ತೇ ಇದೆ. ಕಳೆ ಕತ್ತರಿಸುವ ಯಂತ್ರದ ಪಟ್ಟಿಯನ್ನು ಎಷ್ಟು ಬಿಗಿದರೂ ನಮ್ಮ ಹೆಂಗಸರ ಹೆಗಲಿಂದ ಜಾರುತ್ತದೆ. ಭಾರತೀಯರ ದೇಹದ ಅಳತೆಗಳನ್ನು ದೇಬ್‌ಕುಮಾರ್ ಚಕ್ರಬರ್ತಿಯವರು ಸಂಗ್ರಹಿಸಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಾದ ಎನ್‌ಐಡಿ ಅದನ್ನು 1997ರಲ್ಲೇ ಪ್ರಕಟಿಸಿದೆ. ಅಳತೆ ಇದ್ದರೂ ಅದನ್ನು ಬಳಸುವವರು ಸಾಲದು.

ವಿದೇಶದ ವಿಚಾರದಲ್ಲಿ ನಾನು ಅಡ್ಡ ಬರುವುದಿಲ್ಲ. ಬ್ರಿಟನ್ನಿನಲ್ಲಿ ಒಂದೇ ವರ್ಷದಲ್ಲಿ ಪದವಿ ಮುಗಿಯುತ್ತದೆ, ಆದರೆ ಸಾಲ ದೊಡ್ಡದಾಗುತ್ತದೆ. ಮೊದಲು ಇಲ್ಲಿಯೇ ಪ್ರಯತ್ನಿಸು ಎನ್ನುತ್ತೇನೆ. ಐಐಟಿ ಬಾಂಬೆಯಲ್ಲಿ 1969ರಲ್ಲಿ ಆರಂಭವಾದ ಐಡಿಸಿ ಎಂಬ ವಿನ್ಯಾಸ ಶಾಲೆ ಇದೆ, ಐಐಟಿ ಗುವಾಹಟಿಯ ವಿನ್ಯಾಸ ವಿಭಾಗದಲ್ಲಿ ಎರ್ಗನಾಮಿಕ್ಸ್ ಕೆಲಸ ನಡೆಯುತ್ತಿದೆ, ಬೆಂಗಳೂರಿನ ಐಐಎಸ್‌ಸಿಯಲ್ಲೂ ಎಂ.ಡೆಸ್. (ವಿನ್ಯಾಸದ ಸ್ನಾತಕೋತ್ತರ ಪದವಿ) ಇದೆ. ಇವಕ್ಕೆ ಬೇಕಾದ ಸೀಡ್ (CEED) ಪ್ರವೇಶ ಪರೀಕ್ಷೆ ನಡೆಯುವುದು ಜನವರಿಯಲ್ಲಿ. ವಯಸ್ಸಿನ ಮಿತಿಯಿಲ್ಲ, ಅಂಕ ಮಾತ್ರ ಒಂದೇ ವರ್ಷ ಊರ್ಜಿತ. ಚಿತ್ರ ಬಿಡಿಸುವ ಅಭ್ಯಾಸವನ್ನು ಈಗಲೇ ಶುರುಮಾಡು, ರಾಜೀನಾಮೆಯನ್ನು ಸೀಟು ಕೈಗೆ ಬಂದ ಮೇಲೆ ಕೊಡು. ಶುಲ್ಕದ ಬಗ್ಗೆ ಅಮ್ಮನೂ ನಾನೂ ಮಾತಾಡಿಕೊಂಡಿದ್ದೇವೆ, ಆ ಚಿಂತೆ ನಿನಗೆ ಬೇಡ. ಮುಂದಿನ ಸಲ ಊರಿಗೆ ಬರುವಾಗ ಈ ಮೂರೂ ಕಡೆಯ ಪಠ್ಯಕ್ರಮಗಳ ಪ್ರಿಂಟ್ ತೆಗೆಸಿಕೊಂಡು ಬಾ, ಒಟ್ಟಿಗೆ ಕೂತು ನೋಡೋಣ.

ಇಂತಿ ನಿನ್ನ ಪ್ರೀತಿಯ
ಅಪ್ಪ